ಆಡು ಮುಟ್ಟದ ಸೊಪ್ಪು

ಕೇಳುಗರಿಗೆ ನಮಸ್ಕಾರ.

‘ಆಡು ಮುಟ್ಟದ ಸೊಪ್ಪಿಲ್ಲ’ ಅಂತ ಗಾದೆ ಇದೆ ಅಲ್ವಾ? ಆದರೆ ಆಡು ಮುಟ್ಟದ ಸೊಪ್ಪೊಂದು ನಮ್ಮ ಬೇಲಿಯಲ್ಲೇ ಇದೆ. ಅದೇ ಆಡುಸೋಗೆ. ಹಸಿದ ದನ ಕೂಡ ಮೂಸಿ ನೋಡಿ ಮುಂದೆ ಹೋಗುತ್ತದೆ, ಅಷ್ಟು ಕಹಿ. ತಮಿಳಿನಲ್ಲಿ ಇದು ಆಡಾತೊಡೈ. ಆಡು ತೊಡದ್ದು, ಅಂದರೆ ಆಡು ಮುಟ್ಟದ್ದು ಅಂತ ಅರ್ಥ ಹೇಳುತ್ತಾರೆ. 1753ರಲ್ಲಿ ಸ್ವೀಡನ್ನಿನ ಲಿನೇಯಸ್ ಕೊಟ್ಟ ಶಾಸ್ತ್ರೀಯ ಹೆಸರಿನಲ್ಲೂ ಆ ಮಾತು ಉಳಿದಿದೆ: ಜಸ್ಟೀಸಿಯಾ ಅಡಾಟೋಡ.

ಆಳೆತ್ತರ ಬೆಳೆಯುವ ಪೊದೆ ಇದು. ಬೇಸಿಗೆಯಲ್ಲೂ ಹಸಿರು. ಹೂವನ್ನು ಒಮ್ಮೆ ಹತ್ತಿರದಿಂದ ನೋಡಿ. ಬಿಳಿ ಬಣ್ಣ, ಬಾಯಿ ತೆರೆದಂಥ ಆಕಾರ, ಕೆಳತುಟಿಯ ಮೇಲೆ ನೇರಳೆ ಗೆರೆಗಳು. ಸಂಸ್ಕೃತದಲ್ಲಿ ಇದಕ್ಕೆ ‘ಸಿಂಹಾಸ್ಯ’, ಸಿಂಹದ ಬಾಯಿ ಅನ್ನೋ ಹೆಸರೂ ಇದೆ. ಎಷ್ಟು ಚೆನ್ನಾಗಿ ನೋಡಿದ್ದಾರೆ!

ಕೆಮ್ಮು, ಕಫಕ್ಕೆ ನಮ್ಮಜ್ಜಿ ಮೊದಲು ಹುಡುಕುತ್ತಿದ್ದುದು ಈ ಎಲೆಯನ್ನೇ. ಹಸಿ ಎಲೆ ಜಜ್ಜಿ ಎಷ್ಟು ಹಿಂಡಿದರೂ ರಸ ಸರಿಯಾಗಿ ಇಳಿಯೋದಿಲ್ಲ. ಅಜ್ಜಿ ಎಲೆಗಳನ್ನು ಕಾವಲಿಯ ಮೇಲೆ ಬಾಡಿಸಿ, ಬಿಸಿ ಆರುವ ಮೊದಲೇ ಬಟ್ಟೆಯಲ್ಲಿ ಸುತ್ತಿ ಹಿಂಡುತ್ತಿದ್ದರು. ಆಗ ಕಡುಹಸಿರು ರಸ ತೊಟ್ಟಿಕ್ಕುತ್ತಿತ್ತು. ಅದಕ್ಕೆ ಜೇನು, ಚಿಟಿಕೆ ಕಾಳುಮೆಣಸಿನ ಪುಡಿ. ಜೇನು ಎಷ್ಟೇ ಹಾಕಿದರೂ ಕಹಿ ಗಂಟಲಲ್ಲೇ ಕೂತಿರುತ್ತಿತ್ತು. ಆಡನ್ನು ದೂರ ಇಡುವ ಆ ಕಹಿಯ ಜೊತೆಗೇ ಮದ್ದೂ ಇದೆ. ಎಲೆಯಲ್ಲಿರುವ ವ್ಯಾಸಿಸಿನ್ ಅನ್ನೋ ಕಹಿ ಅಂಶದ ಜಾಡು ಹಿಡಿದೇ ವಿಜ್ಞಾನಿಗಳು ಬ್ರೋಮ್‌ಹೆಕ್ಸಿನ್ ತಯಾರಿಸಿದರು. ಕೆಮ್ಮಿನ ಸಿರಪ್ ಬಾಟಲಿ ಮನೆಯಲ್ಲಿದ್ದರೆ ಚೀಟಿ ಓದಿ ನೋಡಿ, ಈ ಹೆಸರು ಸಿಕ್ಕೀತು.

ಒಂದು ಮಾತನ್ನು ಮಾತ್ರ ಗಟ್ಟಿಯಾಗಿ ಹೇಳಲೇಬೇಕು. ಬಸುರಿಯರು ಇದನ್ನು ಕುಡಿಯಲೇಬಾರದು. ವ್ಯಾಸಿಸಿನ್‌ಗೆ ಗರ್ಭಕೋಶವನ್ನು ಹಿಂಡುವ ಗುಣವಿದೆ. ಚಿಕ್ಕ ಮಕ್ಕಳಿಗೂ ಸುಮ್ನೆ ನಾವೇ ಅಳತೆ ಮಾಡಿ ಕುಡಿಸುವುದು ಬೇಡ. ಕೆಮ್ಮು ಎರಡು ವಾರ ದಾಟಿದರೆ ಕಷಾಯ ನೆಚ್ಚಿಕೊಂಡು ಕೂರಬೇಡಿ, ಕಫ ಪರೀಕ್ಷೆ ಮಾಡಿಸಿ.

ರೈತರಿಗೆ ಇದು ಹಸಿರೆಲೆ ಗೊಬ್ಬರವೂ ಹೌದು. ಸೊಪ್ಪು ಕೊಯ್ದು ಗದ್ದೆಗೆ ತುಳಿದರೆ ಬೇಗ ಕೊಳೆಯುತ್ತದೆ. ಕೊಯ್ದಷ್ಟೂ ಗಿಡ ಮತ್ತೆ ಚಿಗುರುತ್ತದೆ.

ಬೆಳೆಸೋದು ಬಹಳ ಸುಲಭ. ಮುಂಗಾರು ಶುರುವಾದಾಗ ಬಲಿತ ಕಡ್ಡಿಯನ್ನು ಗೇಣುದ್ದ ಕತ್ತರಿಸಿ. ಎರಡು ಗಿಣ್ಣು ಮಣ್ಣೊಳಗೆ ಹೋಗುವ ಹಾಗೆ ಬೇಲಿ ಸಾಲಿನಲ್ಲಿ ಊರಿ. ಮೊದಲ ಬೇಸಿಗೆಗೆ ಆಗಾಗ ಒಂದು ಕೊಡ ನೀರು ಹಾಕಿ. ಪಕ್ಕದಲ್ಲೇ ಆಡು ಕಟ್ಟಿದ್ದರೂ ಚಿಂತೆಯಿಲ್ಲ.

ನಮಸ್ಕಾರ.