ಉಕ್ಕಿನ ಹಿಂದಿನ ಪೊಳ್ಳು

ಕೇಳುಗರೇ, ನಮಸ್ಕಾರ.

ಉಕ್ಕಿನ ದಪ್ಪ ಕೊಳವೆಯೊಳಗೆ ಕಾಂಕ್ರೀಟ್ ತುಂಬಿ ಕಂಬ ಮಾಡುವುದುಂಟು. ಎತ್ತರದ ಕಟ್ಟಡಗಳಲ್ಲಿ, ಕಮಾನು ಸೇತುವೆಗಳಲ್ಲಿ ಇಂಥವನ್ನು ಬಳಸುತ್ತಾರೆ. ಉಕ್ಕು ಕಾಂಕ್ರೀಟನ್ನು ಸುತ್ತಲೂ ಬಿಗಿಯಾಗಿ ಹಿಡಿದಿರುತ್ತದೆ. ಉಕ್ಕಿನ ಗೋಡೆ ಒಳಕ್ಕೆ ನೆಗ್ಗದಂತೆ ಕಾಂಕ್ರೀಟ್ ತಡೆಯುತ್ತದೆ. ಎರಡೂ ಒಂದಕ್ಕೊಂದು ಕಚ್ಚಿಕೊಂಡು ಕೂತಿದ್ದರೇ ಈ ಲೆಕ್ಕ ಸರಿ.

ಆದರೆ ಒಳಗೆ ಹೇಗೆ ಕೂತಿದೆ ಅಂತ ನೋಡುವುದು ಹೇಗೆ? ಮಾಮೂಲಿ ಕಂಬವಾದರೆ ಸೆಂಟ್ರಿಂಗ್ ಬಿಚ್ಚಿದ ಕೂಡಲೇ ಹುಳುಕು ಕಾಣುತ್ತದೆ. ಇಲ್ಲಿ ಬಿಚ್ಚುವ ಮಾತೇ ಇಲ್ಲ. ಗಾಳಿ ಸಿಕ್ಕಿಕೊಂಡು ಪೊಳ್ಳಾಗಿರಬಹುದು. ಕಾಂಕ್ರೀಟ್ ಕುಗ್ಗಿ ಉಕ್ಕಿನಿಂದ ಬಿಟ್ಟುಕೊಂಡಿರಬಹುದು. ಸುತ್ತಿಗೆಯಲ್ಲಿ ತಟ್ಟಿ ಸದ್ದು ಕೇಳುವುದು ಹಳೆಯ ದಾರಿ. ಪಳಗಿದ ಕಿವಿಗೆ ಅದು ಈಗಲೂ ಒಳ್ಳೆಯ ದಾರಿಯೇ. ಆದರೆ ಅಷ್ಟೆತ್ತರದ ಕಂಬವನ್ನು ಗೇಣು ಗೇಣಾಗಿ ತಟ್ಟುತ್ತಾ ಹೋಗುವವರು ಯಾರು? ಅದಕ್ಕೇ ಥರ್ಮಲ್ ಕ್ಯಾಮೆರಾ.

ಇದು ಎಕ್ಸ್‌ರೇ ಅಲ್ಲ, ಉಕ್ಕಿನೊಳಗೆ ಇಣುಕುವುದಿಲ್ಲ. ಹೊರಮೈ ಸೂಸುವ ಅತಿಗೆಂಪು ಕಿರಣಗಳನ್ನು ಹಿಡಿದು, ಎಲ್ಲಿ ಬಿಸಿ, ಎಲ್ಲಿ ತಂಪು ಅಂತ ಚಿತ್ರ ಕೊಡುತ್ತದೆ, ಅಷ್ಟೇ. ಒಳಗಿನ ಸುದ್ದಿ ಹೊರಗೆ ಬರಬೇಕಾದರೆ ಶಾಖ ಹರಿಯುತ್ತಿರಬೇಕು. ಶಾಖ ಹಾಯಿಸುವುದರಲ್ಲಿ (ಮೀಟರ್-ಕೆಲ್ವಿನ್‌ಗೆ ಇಷ್ಟು ವ್ಯಾಟ್ ಎಂಬ ಲೆಕ್ಕದಲ್ಲಿ) ಉಕ್ಕಿನ ಅಂಕಿ ಸುಮಾರು 50, ಕಾಂಕ್ರೀಟಿನದು ಒಂದೂವರೆ, ಎರಡರ ಹತ್ತಿರ. ಗಾಳಿಯದು ಬರೀ 0.026. ಹೊರಗಿನಿಂದ ಉಕ್ಕನ್ನು ಹೀಟರಿನಿಂದ ಕಾಯಿಸಿದರೆ, ಕಾಂಕ್ರೀಟ್ ಅಂಟಿರುವ ಕಡೆ ಶಾಖ ಒಳಗೆ ಇಳಿದುಹೋಗುತ್ತದೆ. ಪೊಳ್ಳಿರುವ ಕಡೆ ಗಾಳಿ ಅಡ್ಡ ನಿಲ್ಲುತ್ತದೆ, ಅಲ್ಲಿ ಉಕ್ಕು ಹೆಚ್ಚು ಬಿಸಿಯಾಗಿ ಕಾಣುತ್ತದೆ.

ನನಗೆ ಇದಕ್ಕಿಂತ ಹಿಡಿಸುವ ಉಪಾಯ ಇನ್ನೊಂದಿದೆ. ನೀರು ಸೇರಿದ ಸಿಮೆಂಟ್ ಗಟ್ಟಿಯಾಗುವಾಗ ತಾನೇ ಬಿಸಿಯಾಗುತ್ತದೆ, ಅಲ್ವಾ? ಕಾಂಕ್ರೀಟ್ ಸುರಿದ ಮೊದಲ ಒಂದೆರಡು ದಿನ ಹೀಟರೇ ಬೇಡ. ಕಂಬವೇ ಒಳಗಿನಿಂದ ಕಾಯುತ್ತಿರುತ್ತದೆ. ಆಗ ಚಿತ್ರ ತಿರುಗಾಮುರುಗಾ: ಪೊಳ್ಳಿರುವ ಜಾಗಕ್ಕೆ ಶಾಖ ತಲುಪದೆ ಅದು ತಣ್ಣಗೆ ಕಾಣುತ್ತದೆ. ತಪ್ಪು ಇಷ್ಟು ಬೇಗ ಸಿಕ್ಕಿದರೆ, ಮೇಲಿನ ಭಾರ ಪೂರ್ತಿ ಬೀಳುವ ಮೊದಲೇ ತೂತು ಕೊರೆದು ಗ್ರೌಟ್, ಅಂದರೆ ತೆಳುವಾದ ಸಿಮೆಂಟ್ ಗಾರೆ, ತುಂಬಬಹುದು. ತಿಂಗಳು ಕಳೆದ ಮೇಲೆ ಈ ಪುಕ್ಕಟೆ ಶಾಖ ಇರುವುದಿಲ್ಲ.

ಮೋಸ ಹೋಗುವ ದಾರಿಗಳೂ ಇವೆ. ಹೊಳೆಯುವ ಉಕ್ಕು ತನ್ನ ಶಾಖವನ್ನು ಸರಿಯಾಗಿ ಸೂಸುವುದಿಲ್ಲ, ಸುತ್ತಲಿನದನ್ನು ಕನ್ನಡಿಯ ಹಾಗೆ ತೋರಿಸುತ್ತದೆ. ಕ್ಯಾಮೆರಾ ಹಿಡಿದವರ ಮೈಬಿಸಿಯೇ ದೋಷದಂತೆ ಕಂಡೀತು! ಹೊಳಪಿಲ್ಲದ ಬಣ್ಣ ಬಳಿದರೆ ಈ ಕಾಟ ಕಡಿಮೆ. ಉಕ್ಕು ದಪ್ಪವಾದಷ್ಟೂ ಶಾಖ ಅಡ್ಡಡ್ಡ ಹರಡಿ ಸಣ್ಣ ಪೊಳ್ಳುಗಳು ಮಸುಕಾಗುತ್ತವೆ. ಪೊಳ್ಳಿನಲ್ಲಿ ನೀರು ನಿಂತಿದ್ದರೆ ವ್ಯತ್ಯಾಸ ಇನ್ನೂ ಕಡಿಮೆ. ಬಿಸಿಲು, ಗಾಳಿ, ಮಳೆ ಎಲ್ಲವೂ ಚಿತ್ರ ಕೆಡಿಸುತ್ತವೆ.

ಹಾಗಾಗಿ ಕ್ಯಾಮೆರಾ ಅನುಮಾನ ಹುಟ್ಟಿಸಿದ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾರೆ. ಅಲ್ಲಿ ಮಾತ್ರ ಸುತ್ತಿಗೆಯಲ್ಲಿ ತಟ್ಟುತ್ತಾರೆ, ಅಲ್ಟ್ರಾಸೌಂಡ್ ಇಟ್ಟು ನೋಡುತ್ತಾರೆ. ಆಮೇಲೂ ಅನುಮಾನ ಉಳಿದರೆ ಸಣ್ಣ ತೂತು ಕೊರೆಯುತ್ತಾರೆ.

ನಮಸ್ಕಾರ.