ನಾಯಿಯ ಮೂತ್ರಕೋಶ: ನೀರು ಎಷ್ಟು, ತಿಂಡಿ ಯಾವುದು

ಎಲ್ಲರಿಗೂ ನಮಸ್ಕಾರ.

ಮಳೆ ಹಿಡಿಯುವ ಮೊದಲೇ ಈ ವಿಷಯ ಮಾತಾಡುವುದಕ್ಕೆ ಕಾರಣವಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನ ನಾಯಿಗಳ ದಿನಚರಿಯೇ ಬೇರೆ. ಚಳಿಗೆ ನೀರು ಕುಡಿಯುವುದು ಕಡಿಮೆ. ಮಳೆಗೂ ಜಿಗಣೆಗೂ ಹೆದರಿ ಅಂಗಳಕ್ಕೆ ಇಳಿಯುವುದು ಇನ್ನೂ ಕಡಿಮೆ. ಉಚ್ಚೆ ಕಟ್ಟಿಕೊಂಡು ವರಾಂಡದಲ್ಲಿ ಸುರುಟಿ ಮಲಗಿಬಿಡುತ್ತವೆ. ಮೂತ್ರ ಗಾಢವಾಗುತ್ತದೆ, ಆ ಗಾಢ ಮೂತ್ರ ಮೂತ್ರಕೋಶದಲ್ಲಿ ಗಂಟೆಗಟ್ಟಲೆ ನಿಲ್ಲುತ್ತದೆ. ಕಲ್ಲು ಕಟ್ಟುವುದಕ್ಕೂ ಸೋಂಕು ಹತ್ತುವುದಕ್ಕೂ ಇದು ಅನುಕೂಲ.

ಈಗ ಅಂಗಡಿಯಲ್ಲಿ ‘ಯೂರಿನರಿ’ ಎಂದು ಬರೆದ ಬಿಸ್ಕತ್ತು, ಚೂಯಿಂಗ್ ಕಡ್ಡಿ, ಪುಡಿ ಎಲ್ಲವೂ ಸಿಗುತ್ತದೆ. ಅದನ್ನು ಕೊಳ್ಳುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಯಾವ ಕಲ್ಲಿಗೆ? ನಾಯಿಗಳಲ್ಲಿ ಮುಖ್ಯವಾಗಿ ನಾಲ್ಕು ಬಗೆಯ ಕಲ್ಲು ಕಾಣುತ್ತೇವೆ. ಒಂದಕ್ಕೆ ಒಳ್ಳೆಯದಾದ ಆಹಾರ ಇನ್ನೊಂದನ್ನು ಬೆಳೆಸಬಹುದು. ಹಾಗಾಗಿ ಕಲ್ಲು ಯಾವುದೆಂದು ಗೊತ್ತಾಗುವವರೆಗೆ ಧೈರ್ಯವಾಗಿ ಹೆಚ್ಚಿಸಬಹುದಾದ್ದು ಒಂದೇ, ನೀರು.

ನೀರಿನ ಲೆಕ್ಕದಿಂದಲೇ ಶುರುಮಾಡೋಣ. ನಾಯಿಗೆ ದಿನಕ್ಕೆ ಕಿಲೋ ತೂಕಕ್ಕೆ ಸುಮಾರು 50ರಿಂದ 60 ಮಿ.ಲೀ. ನೀರು ಬೇಕು, ಆಹಾರದೊಳಗಿನ ನೀರೂ ಸೇರಿ. 10 ಕಿಲೋ ನಾಯಿಗೆ ಅರ್ಧ ಲೀಟರಿಗಿಂತ ಸ್ವಲ್ಪ ಹೆಚ್ಚು ಎಂದಾಯಿತು. ಪ್ಯಾಕೆಟ್‌ನ ಒಣ ಆಹಾರದಲ್ಲಿ ನೀರು ನೂರಕ್ಕೆ 10 ಭಾಗ ಮಾತ್ರ. 170 ಗ್ರಾಂ ತಿಂದರೆ ಒಳಗೆ ಹೋಗುವ ನೀರು 17 ಮಿ.ಲೀ., ಉಳಿದದ್ದನ್ನೆಲ್ಲ ಅದು ಬಟ್ಟಲಿನಿಂದಲೇ ಕುಡಿಯಬೇಕು. ಜಡಿಮಳೆಯ ದಿನ ಕುಡಿಯುವುದಿಲ್ಲ. ಪೌಚ್‌ನಲ್ಲಿ ಬರುವ ಹಸಿ ಆಹಾರದಲ್ಲಾದರೆ ನೂರಕ್ಕೆ 75–80 ಭಾಗ ನೀರೇ. ಅದು ದುಬಾರಿ, ನಿಜ. ಆದರೆ ಅದೇ ಕೆಲಸವನ್ನು ಒಣ ಆಹಾರಕ್ಕೆ ಬೆಚ್ಚನೆಯ ನೀರು ಸುರಿದೂ ಮಾಡಿಸಬಹುದು. ಒಂದು ಲೋಟ ಆಹಾರಕ್ಕೆ ಒಂದು ಲೋಟ ನೀರು, ಹತ್ತು ನಿಮಿಷ ನೆನೆಯಲಿ. ಮೊದಲ ದಿನವೇ ಪೂರ್ತಿ ಸುರಿದರೆ ಮೂಸಿ ಬಿಟ್ಟುಹೋಗುತ್ತದೆ. ಕಾಲು ಲೋಟದಿಂದ ಶುರುಮಾಡಿ ವಾರದಲ್ಲಿ ಪೂರ್ತಿಗೆ ಬನ್ನಿ. ನೆನೆದದ್ದನ್ನು ತಿನ್ನದೆ ಬಿಟ್ಟರೆ ಅರ್ಧ ಗಂಟೆಯಲ್ಲಿ ಎತ್ತಿಬಿಡಿ, ಹುಳಿಯುತ್ತದೆ.

ಕೋಳಿ ನೀರು ಇನ್ನೊಂದು ಉಪಾಯ. ಚರ್ಮ ತೆಗೆದ ಕಾಲು ಕಿಲೋ ಕೋಳಿ, ಎರಡು ಲೀಟರ್ ನೀರು. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಬೇಡ. ಮುಕ್ಕಾಲು ಗಂಟೆ ಕುದಿಸಿ, ಸೋಸಿ, ಫ್ರಿಜ್‌ನಲ್ಲಿಟ್ಟರೆ ಮೇಲೆ ಕೊಬ್ಬು ಬಿಳಿಯಾಗಿ ಹೆಪ್ಪುಗಟ್ಟುತ್ತದೆ. ಅದನ್ನು ಚಮಚದಲ್ಲಿ ತೆಗೆದು ಬಿಸಾಡಿ. ಉಳಿದ ನೀರನ್ನು ಐಸ್ ಟ್ರೇಗೆ ಹಾಕಿಟ್ಟುಕೊಂಡು, ಊಟಕ್ಕೊಮ್ಮೆ ಎರಡು ಮೂರು ತುಂಡು ಬಿಸಿನೀರಿನಲ್ಲಿ ಕರಗಿಸಿ ಆಹಾರಕ್ಕೆ ಸುರಿಯಿರಿ. ಇದು ಡಾಲ್ಮೇಷನ್‌ಗೂ ಯೂರೇಟ್ ಎಂಬ ಕಲ್ಲಿನ ನಾಯಿಗೂ ಬೇಡ, ಯಾಕೆಂದು ಮುಂದೆ ಹೇಳುತ್ತೇವೆ. ಬಾಯಾರಿಕೆ ಆಗಲಿ ಎಂದು ಉಪ್ಪು ಹಾಕುವವರಿದ್ದಾರೆ. ನೀರು ಕುಡಿಯುವುದೇನೋ ಹೆಚ್ಚುತ್ತದೆ, ಜೊತೆಗೆ ಮೂತ್ರದಲ್ಲಿ ಕ್ಯಾಲ್ಸಿಯಂ ಕೂಡ ಹೆಚ್ಚಬಹುದು. ಹೃದಯದ, ಕಿಡ್ನಿಯ ತೊಂದರೆ ಇರುವ ನಾಯಿಗಂತೂ ಅಪಾಯ. ಮನೆಯಲ್ಲಿ ಅದನ್ನು ಮಾಡಬೇಡಿ.

ಕುಡಿಸಿದ ಮೇಲೆ ಹೊರಗೂ ಬಿಡಬೇಕಲ್ಲ. ದಿನಕ್ಕೆ ನಾಲ್ಕೈದು ಸಲವಾದರೂ ಉಚ್ಚೆ ಹೊಯ್ಯಲು ಅವಕಾಶ ಇರಲಿ. ಕಾಫಿ ಕಣದ ಪಕ್ಕದ ಶೆಡ್ಡಿನಡಿ ಒಂದು ಮೂಲೆಯಲ್ಲಿ ಮಣ್ಣು, ಜಲ್ಲಿ ಹರಡಿ ಅಲ್ಲಿಗೇ ಕರೆದೊಯ್ದು ರೂಢಿ ಮಾಡಿದರೆ ಎಂಥ ಮಳೆಯಲ್ಲೂ ಹೋಗುತ್ತದೆ. ರಾತ್ರಿ ಕಾವಲಿಗೆ ಬಿಟ್ಟು ಹಗಲೆಲ್ಲ ಸರಪಳಿಯಲ್ಲಿ ಕಟ್ಟುವ ತೋಟದ ನಾಯಿಗಳದ್ದೇ ಹೆಚ್ಚು ಕಷ್ಟ. ತಾನು ಮಲಗುವ ಜಾಗದಲ್ಲಿ ಹೊಯ್ಯಲು ಮನಸ್ಸಾಗದೆ ಹತ್ತು ಹನ್ನೆರಡು ಗಂಟೆ ತಡೆದುಕೊಳ್ಳುತ್ತವೆ.

ಇನ್ನು ಕಲ್ಲುಗಳು. ಮೊದಲನೆಯದು ಸ್ಟ್ರೂವೈಟ್, ಅಂದರೆ ಮೆಗ್ನೀಸಿಯಂ, ಅಮೋನಿಯಂ, ಫಾಸ್ಫೇಟ್ ಸೇರಿದ್ದು. ನಾಯಿಗಳಲ್ಲಿ ಇದು ಬಹುಪಾಲು ಸೋಂಕಿನಿಂದ ಬರುವ ಕಲ್ಲು, ಹೆಣ್ಣುನಾಯಿಗಳಲ್ಲೇ ಹೆಚ್ಚು. ಸ್ಟೆಫೈಲೋಕಾಕಸ್‌ನಂಥ ಕೆಲವು ಬ್ಯಾಕ್ಟೀರಿಯಾ ಮೂತ್ರದ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತವೆ, ಮೂತ್ರ ಕ್ಷಾರವಾಗುತ್ತದೆ, ಹರಳು ಕಟ್ಟುತ್ತದೆ. ಇಲ್ಲಿ ತಪ್ಪು ತಿಂಡಿಯದ್ದಲ್ಲ. ಮೂತ್ರ ಕಲ್ಚರ್ (ಯಾವ ಬ್ಯಾಕ್ಟೀರಿಯಾ ಎಂದು ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಿ, ಸರಿಯಾದ ಆಂಟಿಬಯಾಟಿಕ್ ಜೊತೆ ವೈದ್ಯರು ಬರೆದುಕೊಡುವ ವಿಶೇಷ ಆಹಾರ ಕೊಟ್ಟರೆ ಆಪರೇಷನ್ ಇಲ್ಲದೆ ಕೆಲವು ವಾರಗಳಿಂದ ಎರಡು ಮೂರು ತಿಂಗಳಲ್ಲಿ ಕರಗುತ್ತದೆ. ಆ ಅವಧಿಯಲ್ಲಿ ಬೇರೆ ತಿಂಡಿ ಏನೂ ಬೇಡ, ಒಂದು ಚೂರು ಬಿಸ್ಕತ್ತು ಕೂಡ. ಆ ಆಹಾರದಲ್ಲಿ ಮೆಗ್ನೀಸಿಯಂ, ಫಾಸ್ಫರಸ್ ಎಷ್ಟಿರಬೇಕೆಂದು ಅಳೆದು ಮಾಡಿರುತ್ತಾರೆ, ಮೇಲಿಂದ ಹಾಕಿದ್ದೆಲ್ಲ ಆ ಅಳತೆ ಕೆಡಿಸುತ್ತದೆ. ತಿಂಡಿ ಇಲ್ಲದೆ ಮನೆಯವರಿಗೆ ತಡೆಯಲಾಗದಿದ್ದರೆ ಅದೇ ಆಹಾರದ ಕಾಳುಗಳನ್ನು ಎಣಿಸಿ ತೆಗೆದಿಟ್ಟು ಕೈಯಿಂದ ತಿನ್ನಿಸಿ. ನಾಯಿಗೆ ಕೈ ಮುಖ್ಯ, ತಿಂಡಿಯಲ್ಲ.

ಎರಡನೆಯದು ಕ್ಯಾಲ್ಸಿಯಂ ಆಕ್ಸಲೇಟ್. ಇದು ಕರಗುವುದಿಲ್ಲ, ತೆಗೆಯಲೇಬೇಕು. ಶಿಟ್ಜು, ಲಾಸಾ, ಯಾರ್ಕಿ, ಮಿನಿಯೇಚರ್ ಶ್ನಾಜರ್‌ನಂಥ ಸಣ್ಣ ತಳಿಗಳ ಗಂಡುನಾಯಿಗಳಲ್ಲಿ ಹೆಚ್ಚು. ತೆಗೆದ ಮೇಲೂ ಎರಡು ಮೂರು ವರ್ಷದೊಳಗೆ ಸುಮಾರು ಅರ್ಧದಷ್ಟು ನಾಯಿಗಳಲ್ಲಿ ಮರಳಿ ಬರಬಹುದು. ಆದ್ದರಿಂದ ತಿಂಡಿಯ ಆಯ್ಕೆ ನಿಜವಾಗಿ ಲೆಕ್ಕಕ್ಕೆ ಬರುವುದು ಇಲ್ಲಿ. ಮೂತ್ರವನ್ನು ಆಮ್ಲೀಯ ಮಾಡುವ ಪುಡಿ ಬೇಡ. ವಿಟಮಿನ್ ಸಿ ಮಾತ್ರೆ ಬೇಡ, ಮೈಯೊಳಗೆ ಅದರ ಒಂದು ಭಾಗ ಆಕ್ಸಲೇಟ್ ಆಗುತ್ತದೆ. ಪಾಲಕ್, ಹರಿವೆ, ದಂಟು, ಬೀಟ್‌ರೂಟ್, ಸಿಹಿಗೆಣಸು, ಕಡಲೆಕಾಯಿ, ಗೋಡಂಬಿ, ಗೋಧಿ ತೌಡು ದೂರವಿಡಿ. ಕೆಸುವಿನ ಸೊಪ್ಪು ಮಳೆಗಾಲದಲ್ಲಿ ನಮ್ಮ ಅಡುಗೆಮನೆಗೆ ಬಂದೇ ಬರುತ್ತದೆ. ಬೇಯದಿದ್ದರೆ ಗಂಟಲು ತುರಿಸುವುದು ಅದರೊಳಗಿನ ಸೂಜಿಯಂಥ ಆಕ್ಸಲೇಟ್ ಹರಳಿನಿಂದಲೇ, ಉಳಿದ ಸಾರನ್ನು ಈ ನಾಯಿಗೆ ಸುರಿಯಬೇಡಿ.

ರಾಗಿಯ ಬಗ್ಗೆ ಯಾವಾಗಲೂ ಕೇಳುತ್ತಾರೆ. ಆರೋಗ್ಯವಂತ ನಾಯಿಗೆ ತೆಳ್ಳಗಿನ ರಾಗಿ ಗಂಜಿ ಒಳ್ಳೆಯದೇ. 50 ಗ್ರಾಂ ಹಿಟ್ಟಿಗೆ ಅರ್ಧ ಲೀಟರ್ ನೀರು ಹಾಕಿ ಬೇಯಿಸಿದರೆ 160ರ ಆಸುಪಾಸಿನ ಕ್ಯಾಲೊರಿಯ ಜೊತೆ ಒಂದಷ್ಟು ನೀರೂ ಒಳಗೆ ಹೋಗುತ್ತದೆ. ಮುದ್ದೆಗಿಂತ ಗಂಜಿಯೇ ಮೇಲು. ಆದರೆ 100 ಗ್ರಾಂ ರಾಗಿಯಲ್ಲಿ ಕ್ಯಾಲ್ಸಿಯಂ 340 ಮಿ.ಗ್ರಾಂ.ನಷ್ಟಿದೆ, ಆಕ್ಸಲೇಟ್ ಕೂಡ ಇದೆ. ಆಕ್ಸಲೇಟ್ ಕಲ್ಲು ಬಂದ ನಾಯಿಗೆ ದಿನದ ಊಟ ರಾಗಿಯ ಬದಲು ಬಿಳಿ ಅನ್ನದ ಮೇಲೆ ನಿಲ್ಲಲಿ. ಹಾಗೆಂದು ಕ್ಯಾಲ್ಸಿಯಂ ಪೂರ್ತಿ ನಿಲ್ಲಿಸುವುದೂ ತಪ್ಪು. ಊಟದಲ್ಲಿ ಕ್ಯಾಲ್ಸಿಯಂ ಇದ್ದರೆ ಅದು ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಮಲದಲ್ಲಿ ಹೊರಹಾಕುತ್ತದೆ. ಇಲ್ಲದಿದ್ದರೆ ಆಕ್ಸಲೇಟ್ ಹೆಚ್ಚು ಹೀರಲ್ಪಟ್ಟು ಮೂತ್ರಕ್ಕೆ ಬರುತ್ತದೆ. ಒಂದೆರಡು ಚಮಚ ಮೊಸರು ಊಟದ ಜೊತೆ ಇರಲಿ. ಕ್ಯಾಲ್ಸಿಯಂ ಮಾತ್ರೆಯನ್ನು ಊಟವಿಲ್ಲದ ಹೊತ್ತಿನಲ್ಲಿ ಕೊಡಬೇಡಿ.

ಈ ನಾಯಿಗೆ ಹೊಂದುವ ತಿಂಡಿ ಸೌತೆಕಾಯಿ, ಬೇಯಿಸಿದ ಸಿಹಿಗುಂಬಳ, ಬೀಜ ತೆಗೆದ ಕಲ್ಲಂಗಡಿ, ಬೀಜ ತೆಗೆದ ಸೇಬು, ಬೇಯಿಸಿದ ಹೂಕೋಸು, ಬೇಯಿಸಿದ ಕೋಳಿಯ ಚೂರು. ಸೌತೆಕಾಯಿ 100 ಗ್ರಾಂಗೆ 15 ಕ್ಯಾಲೊರಿ, ಉಳಿದದ್ದು ಹೆಚ್ಚುಕಡಿಮೆ ನೀರು. ದುಡ್ಡು ಕೊಟ್ಟು ತರುವ ಎಷ್ಟೋ ಟ್ರೀಟ್‌ಗಿಂತ ಇದೇ ವಾಸಿ.

ಮೂರನೆಯದು ಯೂರೇಟ್. ಡಾಲ್ಮೇಷನ್ ತಳಿಯಲ್ಲಿ ಯೂರಿಕ್ ಆಮ್ಲ ಸಾಗಿಸುವ ಜೀನ್‌ನಲ್ಲೇ ದೋಷವಿದೆ. ಲಿವರ್‌ನ ರಕ್ತನಾಳ ಹುಟ್ಟಿನಿಂದಲೇ ಅಡ್ಡದಾರಿ ಹಿಡಿದ ಬೇರೆ ನಾಯಿಗಳಲ್ಲೂ ಈ ಕಲ್ಲು ಬರುತ್ತದೆ. ಇಲ್ಲಿ ಶತ್ರು ಪ್ಯೂರಿನ್, ಅಂದರೆ ಮೈಯೊಳಗೆ ಒಡೆದು ಯೂರಿಕ್ ಆಮ್ಲವಾಗುವ ಆಹಾರದ ಅಂಶ. ಲಿವರ್, ಕಿಡ್ನಿ, ಮತ್ತಿ ಮೀನು, ಒಣಮೀನು, ಯೀಸ್ಟ್ ಬೆರೆಸಿದ ಬಿಸ್ಕತ್ತು, ಮಾಂಸ ಬೇಯಿಸಿದ ನೀರು ಯಾವುದೂ ಬೇಡ. ಕೋಳಿ ನೀರು ಬೇಡವೆಂದದ್ದು ಇದಕ್ಕೇ. ಮಾಂಸದ ಪ್ಯೂರಿನ್ ಆ ನೀರಿಗೆ ಇಳಿದಿರುತ್ತದೆ. ಬೇಯಿಸಿದ ಮೊಟ್ಟೆ, ಪನೀರ್, ಮೊಸರು, ತರಕಾರಿ ಕೊಡಬಹುದು. ‘ಲಿವರ್ ಟ್ರೀಟ್’ ಎಂದು ತರಬೇತಿಗೆ ಮಾರುವ ಪೊಟ್ಟಣ ಲ್ಯಾಬ್ರಡಾರ್‌ಗೆ ಸರಿ, ಡಾಲ್ಮೇಷನ್‌ಗೆ ಕಲ್ಲಿನ ಕಚ್ಚಾ ಮಾಲು. ನಾಲ್ಕನೆಯದು ಸಿಸ್ಟೀನ್, ಅಪರೂಪ, ಬುಲ್‌ಡಾಗ್, ಮಾಸ್ಟಿಫ್, ಡ್ಯಾಶ್‌ಹೌಂಡ್‌ಗಳಲ್ಲಿ ಕಾಣುತ್ತದೆ. ಕೆಲವು ತಳಿಗಳ ಗಂಡುನಾಯಿಯಲ್ಲಿ ಬೀಜ ತೆಗೆಸಿದರೇ ಹತೋಟಿಗೆ ಬರುತ್ತದೆ. ಯೂರೇಟ್, ಸಿಸ್ಟೀನ್ ಎರಡೂ ಸಾದಾ ಎಕ್ಸ್‌ರೇಯಲ್ಲಿ ಕಾಣದೆ ತಪ್ಪಿಸಿಕೊಳ್ಳಬಹುದು, ಅಲ್ಟ್ರಾಸೌಂಡ್ ಬೇಕು. ಆಪರೇಷನ್ ಆದರೆ ಕಲ್ಲನ್ನು ಡಬ್ಬಿಯಲ್ಲಿ ತಂದು ಷೋಕೇಸಿನಲ್ಲಿಡಬೇಡಿ, ವಿಶ್ಲೇಷಣೆಗೆ ಕಳಿಸಲು ವೈದ್ಯರನ್ನು ಕೇಳಿ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ 1981ರಿಂದ ಇದಕ್ಕೇ ಒಂದು ಕೇಂದ್ರವಿದೆ. ಕಲ್ಲನ್ನು ಕಣ್ಣಲ್ಲಿ ನೋಡಿ ಜಾತಿ ಹೇಳುವುದು ಪರಿಣತರಿಗೂ ನಂಬಿಕೆಯ ಕೆಲಸವಲ್ಲ.

ಪ್ರಮಾಣ ಹೀಗೆ. ತಿಂಡಿ ದಿನದ ಕ್ಯಾಲೊರಿಯ ನೂರಕ್ಕೆ 10 ಮೀರಬಾರದು. ಸಂತಾನಹರಣ ಆದ 10 ಕಿಲೋ ನಾಯಿಗೆ ದಿನಕ್ಕೆ ಸುಮಾರು 630 ಕ್ಯಾಲೊರಿ ಬೇಕು, ತಿಂಡಿಯ ಪಾಲು 63. ಮಾರಿ ಬಿಸ್ಕತ್ತು ಒಂದಕ್ಕೆ 25 ಎಂದಿಟ್ಟುಕೊಂಡರೆ ಎರಡೂವರೆಗೆ ಮುಗಿಯಿತು. ಅಜ್ಜ ಚಹಾದ ಜೊತೆ ಹಾಕಿದ್ದು, ಮಕ್ಕಳು ಕದ್ದು ಹಾಕಿದ್ದು ಸೇರಿದರೆ ಬೆಳಗ್ಗೆಯೇ ದಾಟಿರುತ್ತದೆ. ದಪ್ಪಗಾದ ನಾಯಿಗೆ ಮೂತ್ರದ ತೊಂದರೆ ಹೆಚ್ಚು. ಬೆಳಗ್ಗೆ ಒಂದು ಡಬ್ಬಿಯಲ್ಲಿ ದಿನದ ತಿಂಡಿ ಅಳೆದಿಟ್ಟು, ಯಾರೇ ಹಾಕುವುದಿದ್ದರೂ ಅದರಿಂದಲೇ ಹಾಕಬೇಕು ಎಂದು ಮನೆಯಲ್ಲಿ ಕಟ್ಟುಮಾಡಿ. ಕೈಲ್‌ಪೊಳ್ದ್, ಪುತ್ತರಿ ಹಬ್ಬದ ದಿನ ಪಂದಿಕರಿ (ಹಂದಿ ಮಾಂಸದ ಸಾರು) ಹಾಕುವುದು ಪ್ರೀತಿಯಿಂದಲೇ, ಆದರೆ ಅದರ ಈರುಳ್ಳಿ ಬೆಳ್ಳುಳ್ಳಿ ನಾಯಿಯ ರಕ್ತಕಣ ಒಡೆಯುತ್ತದೆ, ಕೊಬ್ಬು ಪ್ಯಾಂಕ್ರಿಯಾಸ್ ಕೆಣಕುತ್ತದೆ. ಕಡುಂಬುಟ್ಟು (ಅಕ್ಕಿ ಕಡುಬು) ಒಂದು ಸಾದಾ ಹಾಕಿ, ಸಾಕು.

ಕಾಚಂಪುಳಿ (ಕೊಡಗಿನ ಅಡುಗೆಯ ಕಪ್ಪು ಹುಳಿ), ನಿಂಬೆರಸ ಕೊಟ್ಟರೆ ಮೂತ್ರ ಹುಳಿಯಾಗಿ ಕಲ್ಲು ಕರಗುತ್ತದೆ ಎಂಬ ನಂಬಿಕೆ ಇದೆ. ನಾಲಿಗೆಗೆ ಹುಳಿಯಾದದ್ದೆಲ್ಲ ಮೂತ್ರವನ್ನು ಹುಳಿ ಮಾಡುವುದಿಲ್ಲ. ನಿಂಬೆಯ ಸಿಟ್ರೇಟ್ ಮೈಯಲ್ಲಿ ಬೈಕಾರ್ಬನೇಟ್ ಆಗಿ ಮೂತ್ರವನ್ನು ಕ್ಷಾರದ ಕಡೆಗೇ ತಳ್ಳುತ್ತದೆ. ಬಾಳೆದಿಂಡಿನ ರಸ, ಬಾರ್ಲಿ ನೀರು ನಾಯಿಯ ಕಲ್ಲು ಕರಗಿಸುತ್ತದೆ ಎನ್ನಲು ಪುರಾವೆ ಇಲ್ಲ. ಕ್ರ್ಯಾನ್‌ಬೆರಿ ಗುಳಿಗೆಯೂ ನಾಯಿಗಳಲ್ಲಿ ಸೋಂಕು ತಡೆಯುತ್ತದೆಂದು ಖಚಿತವಾಗಿಲ್ಲ.

ಕೆಂಪು ಮೂತ್ರದ ವಿಷಯ ಬೇರೆಯೇ ಹೇಳಬೇಕು. ಕೊಡಗಿನ ಕಕ್ಕಡ ತಿಂಗಳ ಹದಿನೆಂಟಕ್ಕೆ ಮದ್ದು ಸೊಪ್ಪಿನ ಪಾಯಸ ತಿಂದು ನಮ್ಮ ಮೂತ್ರ ಕೆಂಪಾದರೆ ಯಾರೂ ಹೆದರುವುದಿಲ್ಲ. ನಾಯಿಯದ್ದು ಕೆಂಪಾದರೆ ಆ ಲೆಕ್ಕಕ್ಕೆ ಬಿಡಬೇಡಿ. ಪಾರದರ್ಶಕ ಗಾಜಿನ ಬಾಟಲಿಯಲ್ಲಿ ಹಿಡಿದು ಅಲ್ಲಾಡಿಸದೆ ಒಂದೆರಡು ಗಂಟೆ ಇಟ್ಟು ನೋಡಿ. ಕೆಂಪು ತಳಕ್ಕಿಳಿದು ಮೇಲೆ ಹಳದಿ ತಿಳಿ ನಿಂತರೆ ರಕ್ತಕಣ, ಅಂದರೆ ಸೋಂಕು ಅಥವಾ ಕಲ್ಲಿನ ಶಂಕೆ. ಇಡೀ ಬಾಟಲಿ ಕಾಫಿ ಡಿಕಾಕ್ಷನ್ ಬಣ್ಣದಲ್ಲೇ ಉಳಿದರೆ ರಕ್ತಕಣ ಮೈಯೊಳಗೇ ಒಡೆಯುತ್ತಿರಬಹುದು. ರಕ್ತ ಹೀರುವ ಉಣ್ಣಿ ಹುಳದಿಂದ ಬರುವ ಬಬೇಸಿಯಾ ಜ್ವರದಲ್ಲಿ ಹೀಗಾಗುತ್ತದೆ. ಒಸಡು ಬಿಳಿಚಿದೆಯೇ ನೋಡಿ, ಅದೇ ದಿನ ವೈದ್ಯರಲ್ಲಿಗೆ ಹೋಗಿ. ಇದು ಅಂದಾಜಿಗಷ್ಟೇ, ಪರೀಕ್ಷೆಯ ಬದಲಿಗಲ್ಲ. ಮೂತ್ರದಿಂದ ಹರಡುವ ಇಲಿಜ್ವರದ ಕಾಲವೂ ಮಳೆಗಾಲವೇ ಆದ್ದರಿಂದ ಕೈಗವಸು ಹಾಕಿಕೊಂಡೇ ಹಿಡಿಯಿರಿ.

ಪರೀಕ್ಷೆಗೆ ಮೂತ್ರ ಹಿಡಿಯುವುದು ಬೆಳಗ್ಗೆ, ಊಟಕ್ಕೆ ಮುಂಚೆ. ಊಟವಾದ ಮೇಲೆ ಸ್ವಲ್ಪ ಹೊತ್ತು ಮೂತ್ರ ಕ್ಷಾರವಾಗುವುದರಿಂದ ಪಿಎಚ್ ತಪ್ಪು ತೋರಿಸುತ್ತದೆ. ಉದ್ದ ಹಿಡಿಯ ಹಳೆಯ ಸೌಟನ್ನು ತೊಳೆದು ಒಣಗಿಸಿ ಅದಕ್ಕೇ ಮೀಸಲಿಡಿ. ಮೊದಲ ಹನಿಗಳನ್ನು ಬಿಟ್ಟು ನಡುವಿನ ಧಾರೆ ಹಿಡಿಯಿರಿ. ಅರ್ಧ ಗಂಟೆಯೊಳಗೆ ನೋಡುವಂತಾದರೆ ಉತ್ತಮ. ಫ್ರಿಜ್‌ನಲ್ಲಿಟ್ಟರೆ ತಣ್ಣಗಾದಾಗ ಇಲ್ಲದ ಹರಳು ಹುಟ್ಟಿಕೊಳ್ಳುತ್ತದೆ, ಇಟ್ಟಿದ್ದರೆ ವೈದ್ಯರಿಗೆ ಹೇಳಿ. ಗಾಢತೆಗೆ ಪರೀಕ್ಷಾ ಕಡ್ಡಿಯ ಬಣ್ಣವನ್ನು ನಂಬಬೇಡಿ, ಗಾಢತೆ ಅಳೆಯುವ ರಿಫ್ರ್ಯಾಕ್ಟೋಮೀಟರ್‌ನಲ್ಲಿ ನೋಡಿಸಿ. ಕಲ್ಲು ಮರಳದಿರಲು ಆ ಅಳತೆ (ಶುದ್ಧ ನೀರಿಗೆ ಅದು 1.000) 1.020ಕ್ಕಿಂತ ಕೆಳಗಿರಬೇಕು. ಆಹಾರ ಬದಲಿಸಿದ ಎರಡರಿಂದ ನಾಲ್ಕು ವಾರಕ್ಕೆ ಒಮ್ಮೆ, ಆಮೇಲೆ ಮೂರರಿಂದ ಆರು ತಿಂಗಳಿಗೊಮ್ಮೆ ನೋಡಿಸಿದರೆ ನೀರು ಸಾಲುತ್ತಿದೆಯೇ ಇಲ್ಲವೇ ಗೊತ್ತಾಗುತ್ತದೆ. ಆಕ್ಸಲೇಟ್ ನಾಯಿಗೆ ಆರು ತಿಂಗಳಿಗೊಂದು ಎಕ್ಸ್‌ರೇ ಕೂಡ.

ಗಂಡುನಾಯಿ ಕಾಲೆತ್ತಿ ನಿಂತೇ ಇದೆ, ಹನಿ ಮಾತ್ರ ಬೀಳುತ್ತಿದೆ ಅಥವಾ ಅದೂ ಇಲ್ಲ ಎಂದಾದರೆ ಶಿಶ್ನದ ಎಲುಬಿನ ಹಿಂದೆ ಕಲ್ಲು ಸಿಕ್ಕಿರುವ ಸಂಭವ ಹೆಚ್ಚು. ಆಗ ನೀರು ಕುಡಿಸಬೇಡಿ, ಹೊಟ್ಟೆ ಒತ್ತಬೇಡಿ, ಬಾಳೆದಿಂಡು ಹಿಂಡುತ್ತಾ ಕೂರಬೇಡಿ. ರಕ್ತದಲ್ಲಿ ಪೊಟ್ಯಾಸಿಯಂ ಏರಿ ಒಂದೆರಡು ದಿನದಲ್ಲೇ ಹೃದಯ ನಿಲ್ಲಬಹುದು. ಮರ ಬಿದ್ದು ರಸ್ತೆ ಕಟ್ಟುವ ದಿನಗಳಲ್ಲಿ ಬೆಳಗಾಗಲಿ ಎಂದು ಕಾಯದೆ ಸಂಜೆಯೇ ಹೊರಡಿ. ಹೊರಡುವ ಮೊದಲು ಆಸ್ಪತ್ರೆಗೆ ಫೋನ್ ಮಾಡಿ ಮೂತ್ರನಾಳಕ್ಕೆ ಕೊಳವೆ (ಕ್ಯಾಥೆಟರ್) ಹಾಕುವವರು ಇದ್ದಾರೆಯೇ, ಇಲ್ಲವಾದರೆ ಮೈಸೂರಿಗೆ ಹೋಗಬೇಕೇ ಎಂದು ಕೇಳಿಕೊಳ್ಳಿ. ಕೊನೆಯ ಸಲ ಸರಿಯಾಗಿ ಹೊಯ್ದದ್ದು ಎಷ್ಟು ಗಂಟೆಗೆ ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ವೈದ್ಯರು ಮೊದಲು ಕೇಳುವುದು ಅದನ್ನೇ.