ಗುಡ್ಡ ಹತ್ತದೆ ಸಿಗುವ ಪಾಠ

ಕೇಳುಗರೇ, ನಮಸ್ಕಾರ.

2020ರಲ್ಲಿ ಶಾಲೆಗಳು ಮುಚ್ಚಿದಾಗ ನಮ್ಮ ಮಲೆನಾಡಿನ ಮಕ್ಕಳು ಮೊಬೈಲ್ ಹಿಡಿದು ಗುಡ್ಡ ಹತ್ತಿದ್ದು ನಿಮಗೆಲ್ಲ ನೆನಪಿರಬೇಕು. ಮನೆಯಲ್ಲಿ ನೆಟ್‌ವರ್ಕ್ ಇರಲಿಲ್ಲ. ಎಲ್ಲರೂ ಟವರಿಗೆ ಬೈದರು. ಬೈಯಬೇಕಾದ್ದೇ. ಆದರೆ ನೆಟ್‌ವರ್ಕ್ ಇದ್ದರಷ್ಟೇ ತೆರೆಯುವ ಹಾಗೆ ಪಾಠ ಮಾಡಿದ್ದೂ ತಪ್ಪೇ ಅಲ್ವಾ? ಇವತ್ತಿನ ಮಾತು ಅದರ ಬಗ್ಗೆ.

ಆನ್‌ಲೈನ್ ಕಲಿಕೆಯಲ್ಲಿ ಎರಡು ಕೆಲಸಗಳಿವೆ. ಪಾಠ ತಯಾರಿಸುವುದು ಒಂದು. ಯಾರು ಸೇರಿದರು, ಎಲ್ಲಿಯವರೆಗೆ ಓದಿದರು, ಎಷ್ಟು ಅಂಕ ಬಂತು ಎಂದು ನೋಡಿಕೊಳ್ಳುವುದು ಇನ್ನೊಂದು. ಎರಡಕ್ಕೂ ತಂತ್ರಾಂಶಗಳಿವೆ. ಅವುಗಳಲ್ಲಿ ಹೆಸರಾದದ್ದು ಮೂಡಲ್. ಆಸ್ಟ್ರೇಲಿಯಾದ ಮಾರ್ಟಿನ್ ಡುಗಿಯಾಮಸ್ 2002ರಲ್ಲಿ ಹೊರತಂದರು. ಲೈಸೆನ್ಸಿಗೆ ದುಡ್ಡು ಕೊಡಬೇಕಿಲ್ಲ. ಪಾಠಗಳನ್ನು ಇಟ್ಟುಕೊಳ್ಳುವ ಕಂಪ್ಯೂಟರ್, ಅಂದರೆ ಸರ್ವರ್ ಖರ್ಚು ಮಾತ್ರ ಇದ್ದೇ ಇದೆ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ತೆರೆಯುವ ದೀಕ್ಷಾ ಎಂಬ ಸರ್ಕಾರಿ ಕಲಿಕಾ ತಾಣ 2017ರದು.

ಈಗ ಒಂದು ಪಾಠ ಮಾಡೋಣ. ವಿಷಯ ಅಡಿಕೆ ಕೊಳೆರೋಗ, ಅದಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ. ಹತ್ತು ನಿಮಿಷದ ವಿಡಿಯೋ ಮಾಡಿದರೆ ಸುಲಭವಾಗಿ 100 ಎಂಬಿ ಆಗಿಬಿಡುತ್ತದೆ. ಅದೇ ಮಾತನ್ನು 64 ಕೆಬಿಪಿಎಸ್, ಅಂದರೆ ಸೆಕೆಂಡಿಗೆ 64 ಕಿಲೋಬಿಟ್ ಧ್ವನಿಯಲ್ಲಿ ಇಟ್ಟರೆ 5 ಎಂಬಿಯೂ ಇಲ್ಲ. ಜೊತೆಗೆ ನಾಲ್ಕು ಚಿತ್ರ ಸಾಕು. ಕೈ ಕೆಲಸ ತೋರಿಸಬೇಕಾದ ಕಡೆ ಮಾತ್ರ ಚಿಕ್ಕ ವಿಡಿಯೋ ಹಾಕಿ. ಸುಣ್ಣದ ನೀರು, ಮೈಲುತುತ್ತದ ನೀರು ಬೆರೆಸುವುದನ್ನು ಕಣ್ಣಿಂದ ನೋಡಲೇಬೇಕು.

ಮೂಡಲ್ ಆ್ಯಪಿನಲ್ಲಿ ಪಾಠವನ್ನು ಮೊದಲೇ ಇಳಿಸಿಟ್ಟುಕೊಳ್ಳಬಹುದು. ಪರೀಕ್ಷೆಯನ್ನೂ ನೆಟ್ ಇಲ್ಲದೆ ಬರೆಯಬಹುದು, ನೆಟ್ ಸಿಕ್ಕಾಗ ಉತ್ತರ ತಾನೇ ಹೋಗುತ್ತದೆ. ಆದರೆ ಅದಕ್ಕೆ ಮೇಷ್ಟ್ರು ಪರೀಕ್ಷೆಯ ಸೆಟ್ಟಿಂಗಿನಲ್ಲಿ ಒಪ್ಪಿಗೆ ಕೊಟ್ಟಿರಬೇಕು. ತಾನಾಗಿ ಬರುವುದಿಲ್ಲ. ಎಷ್ಟೋ ಕಡೆ ಇದನ್ನು ಯಾರೂ ಹೇಳಿಕೊಡುವುದೇ ಇಲ್ಲ, ಅದು ನನಗೆ ಬೇಸರ.

ಪರೀಕ್ಷೆ ಅಂದರೆ ಕನ್ನಡಕ್ಕೆ ಇನ್ನೊಂದು ತೊಡಕು. 100 ಲೀಟರ್ ದ್ರಾವಣಕ್ಕೆ ಮೈಲುತುತ್ತ ಎಷ್ಟು ಎಂದು ಕೇಳಿದಿರಿ. ಉತ್ತರ 1 ಕೆಜಿ. ಒಬ್ಬರು ‘ಒಂದು ಕಿಲೋ’ ಅಂತ ಬರೆಯುತ್ತಾರೆ, ಇನ್ನೊಬ್ಬರು ಕನ್ನಡ ಅಂಕಿ ಹಾಕಿ ‘೧ ಕೆ.ಜಿ.’ ಅಂತ. ಎಲ್ಲವೂ ಸರಿ. ಯಂತ್ರಕ್ಕೆ ಮಾತ್ರ ತಪ್ಪು. ನೀವು ಬರೆದುಕೊಟ್ಟ ಉತ್ತರದ ಜೊತೆ ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ, ಅಷ್ಟೇ. ಸಾಫ್ಟ್‌ವೇರ್ ಎಂಬಂಥ ಪದದ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇರುತ್ತದೆ, ಅದು ಬಿಟ್ಟುಹೋದರೂ ಅಂಕ ಹೋಗಬಹುದು. ಹೀಗಾಗಿ ಆಯ್ಕೆ ಕೊಟ್ಟು ಕೇಳುವುದೇ ಒಳ್ಳೆಯದು. ಇಲ್ಲವಾದರೆ ಎಲ್ಲ ಬಗೆಯ ಉತ್ತರಗಳನ್ನೂ ಸೇರಿಸಿಡಿ. ಗೊತ್ತಿದ್ದವರು ಫೇಲಾಗಬಾರದು.

ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿಟ್ಟ ನೋಟ್ಸ್ ನಮ್ಮ ಮೇಷ್ಟ್ರುಗಳ ಹತ್ತಿರ ರಾಶಿ ರಾಶಿ ಇದೆ. ಅದನ್ನು ಹಾಗೇ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಗೋಜಲು ಕಾಣುತ್ತದೆ. ಮೊದಲು ಎಲ್ಲ ಕಂಪ್ಯೂಟರ್, ಮೊಬೈಲುಗಳಿಗೂ ಅರ್ಥವಾಗುವ ಯೂನಿಕೋಡ್ ಎಂಬ ಅಕ್ಷರ ಸಂಕೇತಕ್ಕೆ ಬದಲಿಸಿ, ಒತ್ತಕ್ಷರಗಳನ್ನು ಒಮ್ಮೆ ಓದಿ ನೋಡಿ.

ಯಾರಾದರೂ ತಂತ್ರಾಂಶ ಮಾರಲು ಬಂದರೆ, ನಾಳೆ ಇದನ್ನು ಬಿಟ್ಟರೆ ನನ್ನ ಪಾಠಗಳನ್ನು ಹೊರಗೆ ತೆಗೆಯಬಹುದಾ ಎಂದು ಮೊದಲೇ ಕೇಳಿ. ಸ್ಕಾರ್ಮ್ ಎಂಬ ಮಾನದಂಡ ಇರುವುದೇ ಒಂದು ಕಡೆ ಮಾಡಿದ ಪಾಠ ಇನ್ನೊಂದು ಕಡೆ ನಡೆಯಲಿ ಅಂತ. ಮೂಡಲ್‌ನಲ್ಲಿ ಇಡೀ ಕೋರ್ಸನ್ನು ಒಂದೇ ಫೈಲಾಗಿ ಇಳಿಸಿಕೊಳ್ಳಬಹುದು. ಆ ಫೈಲು ನಿಮ್ಮ ಪೆನ್‌ಡ್ರೈವಿನಲ್ಲೂ ಇರಲಿ.

ಇಂಟರ್ನೆಟ್ಟೇ ಇಲ್ಲದ ಊರಿಗೂ ದಾರಿ ಇದೆ. ಕೊಲಿಬ್ರಿ ಎಂಬ ಮುಕ್ತ ತಂತ್ರಾಂಶ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿನಲ್ಲೂ ನಡೆಯುತ್ತದೆ. ಜೊತೆಗೊಂದು ವೈಫೈ ಇದ್ದರೆ ಇಡೀ ತರಗತಿ ಅದರಿಂದಲೇ ಪಾಠ ನೋಡಬಹುದು. ಕರೆಂಟ್ ಹೋದರೆ ಯುಪಿಎಸ್ ಸ್ವಲ್ಪ ಹೊತ್ತು ನಡೆಸುತ್ತದೆ. ಶಾಲಾಭಿವೃದ್ಧಿ ಸಮಿತಿಯವರು ಮುಂದಿನ ಸಭೆಯಲ್ಲಿ ಇದನ್ನು ಮಾತಾಡಿ. ಪಾಠಗಳನ್ನೆಲ್ಲ ಮೇ ತಿಂಗಳಲ್ಲೇ ಪೇಟೆಯಲ್ಲಿ ಆ ಕಂಪ್ಯೂಟರಿಗೆ ತುಂಬಿಸಿಕೊಂಡು ಬನ್ನಿ, ಜೂನ್ ಮಳೆ ಹಿಡಿದ ಮೇಲೆ ಆ ಕೆಲಸ ಕಷ್ಟ.